ಏಳರ ಮ್ಯಾಲ ಮುಳ್ಳು

ವಿಜಯಪುರದ ಈ ದವಾಖಾನಿ ತಳದಾಗ, ಗಾಡಿ ನಿಲ್ಲಸೂ ಜಾಗಾದ ಹಿಂದ,
ಹೆಣದ ಖೋಲಿಗೆ ಬೆನ್ನ ಹಚ್ಚಿ ನನ್ನ ಪಂಪಿನ ಖೋಲಿ.
ಮೂರು ಪಂಪು. ಮೂರೂ ಕೆಂಪು.
ದೊಡ್ಡದು ಕರೆಂಟಿಂದು, ಮಗ್ಗಲಾಗ ಡೀಸೆಲ್ಲಿಂದು,
ಕರೆಂಟು ಕೈಕೊಟ್ಟ ದಿನ ಏಳಬೇಕಾದದ್ದು.
ಮೂಲ್ಯಾಗ ಕುಂತ ಸಣ್ಣದಕ್ಕ ಜಾಕಿ ಅಂತಾರ,
ಕುದುರಿ ಇಲ್ಲದ ಜಾಕಿ.

ಇದು ಬೆಂಕಿ ಆರಸೂದಿಲ್ಲ.
ಪೈಪಿನಾಗಿನ ಒತ್ತಡ ಕಾಯೂದಷ್ಟ ಇದರ ದಂಧೆ.
ಮುಳ್ಳು ಏಳರ ಮ್ಯಾಲ ನಿಂತಿರಬೇಕು.
ಆರೂವರಿಗೆ ಇಳದರ ಜಾಕಿ ಏಳತದ,
ಎರಡು ಸಲ ಕೆಮ್ಮಿ, ಮುಳ್ಳು ಏರಿಸಿ, ಮಲಗತದ.
ಐದಕ್ಕ ಇಳದರ ದೊಡ್ಡದು.

ಖಾಜೇಸಾಬ ಹೋಗೂ ಮುಂದ ಕೀಲಿ ಕೊಟ್ಟು ಹೇಳಿದ್ದ:
‘ಜಾಕಿ ತಾನ ನಿಲ್ಲತದ, ರೇವಣಸಿದ್ಧ. ದೊಡ್ಡದು ನಿಲ್ಲೂದಿಲ್ಲ.
ಅದನ್ನ ಮನಷ್ಯಾನ ಕೈಯ ನಿಲ್ಲಸಬೇಕು.
ಬೆಂಕಿ ಆರೇತಂತ ಪಂಪಿಗೆ ಹ್ಯಾಂಗ ಗೊತ್ತಾಗಬೇಕು?’

ಇನ್ನೊಂದು ಮಾತೂ ಹೇಳತಿದ್ದ, ಚಾ ಕುಡಕೋತ:
‘ನಮ್ಮೂರ ಹಳೇ ಗಂಜು ನೋಡೀಯಲ್ಲ, ಕಲ್ಲಿನವು?
ಕೆರಿಯಿಂದ ಬರೂ ನೀರಿನ ಸೊಕ್ಕ ಮುರಿಯಾಕ ಕಟ್ಟಿದ್ದು.
ಅವರು ಒತ್ತಡ ಇಳಸಾಕ ಮುಗಿಲಿಗೆ ಏರಿದರು,
ನಾವು ಏರಸಾಕ ನೆಲದಾಗ ಇಳದೀವಿ.’

ಗ್ವಾಡಿ ಆಚೆ ಎರಡು ಲಕ್ಷ ಲೀಟರ ನಿಂತದ.
ಕುಡಿಯೂದಲ್ಲ, ತೊಳಿಯೂದಲ್ಲ.
ಮೇ ತಿಂಗಳು. ನಳ ಬಂದು ಒಂಬತ್ತು ದಿನ.
ಮ್ಯಾಲ ರೋಗಿ ಮಂದಿ ಕ್ಯಾನು ಕೊಂಡು ಕುಡೀತಾರ.
ನಾನು ಆ ಗ್ವಾಡಿಗೆ ತಲಿ ಕೊಟ್ಟು ಮಲಗತೀನಿ, ತಂಪು.

ಆ ರಾತ್ರಿ ಒಂದೂಕಾಲಿಗೆ ಜಾಕಿ ಎದ್ದಿತು.
ಇರಲಿ.
ಒಂದೂ ನಲವತ್ತಕ್ಕ ಮತ್ತ.
ಎರಡಕ್ಕ ಮತ್ತ.
ಯಾರೋ ಪೈಪಿಗೆ ಬಾಯಿ ಹಚ್ಯಾರ.

ಬ್ಯಾಟರಿ ಹಿಡಕೊಂಡು ಏರಿದೆ,
ಪೈಪಿಗೆ ಕಿವಿ ಇಟ್ಟು, ಮಾಳಗಿ ಮಾಳಗಿ.
ಮೂರನೇದರಾಗ, ಬಾಣಂತಿಯರ ವಾರ್ಡಿನ ಹೊರಗ,
ಕೆಂಪು ಪೆಟ್ಟಿಗಿ ಬಾಗಲಾ ತೆರದಿತ್ತು.
ಗಾಲಿ ಒಂದಿಷ್ಟ ತಿರಗಿತ್ತು, ನೂಲಿನಷ್ಟು ನೀರು,
ತುಕ್ಕಿನ ಬಣ್ಣದ್ದು,
ಅದರ ಕೆಳಗ ಸ್ಟೀಲ ಬಕೀಟು,
ಬಕೀಟಿನ ಮುಂದ ಕುಕ್ಕರಗಾಲಾಗಿ
ಕೂಸಿನ ಅರಿವಿ ಹಿಂಡೂ ಚಡಚಣದ ಮುದುಕಿ.

‘ಆಯೀ, ಇದು ಬೆಂಕಿ ನೀರು.’
ತಲಿ ಎತ್ತಲಿಲ್ಲ.
‘ಬೆಂಕಿಗೂ ನೀರು ಇಟ್ಟೀರಿ, ಬಾಣಂತಿಗಿಲ್ಲ.’

ಗಾಲಿ ತಿರುವಿದೆ, ಬಿಗಿ ಆಗೂ ತನಕ.
ಕೆಳಗ ಜಾಕಿ ಮಲಗಿದ್ದು ಪೈಪಿನಾಗ ಕೇಳಿತು.
ಮುದುಕಿಗೂ ಕೇಳಿರಬೇಕು.
ನನ್ನ ಕ್ಯಾನಿನ ಅರ್ಧ ನೀರು ತಂದು ಕೊಟ್ಟೆ,
ಅರ್ಧ ಇಟಕೊಂಡೆ. ಪೂರಾ ಕೊಟ್ಟೆ ಅಂತ ಹೇಳಬೌದಿತ್ತು.

ಪುಸ್ತಕದಾಗ ಬರದೆ:
ಜಾಕಿ, ಐದು ಸಲ. ಕಾರಣ:
ಪೆನ್ನು ನಿಂತಿತು ಹೊತ್ತು.
ಮೂರನೇ ಮಾಳಗಿ, ವಾಲ್ವು ಸಡಲ.

ಐತವಾರ ಪರೀಕ್ಷೆ.
ಡೀಸೆಲ್ಲು ಅರ್ಧ ತಾಸು ಗುಡುಗಬೇಕು,
ಟಾಕಿ ನೀರು ಸುತ್ತ ತಿರಗಿ ಟಾಕಿಗೇ ಬೀಳಬೇಕು,
ಯಾರ ಕಾಲೂ ತೋಯಿಸದ.
ತೊಟ್ಟಿಕ್ಕೂದು ಒಂದ ಕಡೆ: ಶಾಫ್ಟು ಹೊರಬರೂ ಗ್ಲ್ಯಾಂಡಿನಾಗ.
ಅದು ಸೋರಬೇಕು. ಸೋರದ ಪಂಪು ಸುಡತದ,
ಇದೂ ಖಾಜೇಸಾಬನ ಮಾತು.

ಪಾನಾ ತಗೊಂಡೆ.
ನಟ್ಟು ಅರ್ಧ ಸುತ್ತು ಸಡಲ ಮಾಡಿದೆ.
ಹನಿ ಹೋಗಿ ಧಾರಿ ಆತು.
ಬಕೀಟು ಇಟ್ಟೆ.

ಮೂರನೇ ಮಾಳಗಿಗೆ ಹೊತಗೊಂಡು ಏರೂದ್ರಾಗ
ಮುದುಕಿ ಊರಿಗೆ ಹೋಗಿದ್ದಳು.
ಆ ಮಂಚದ ಮ್ಯಾಲ ಬ್ಯಾರೆ ಯಾರದೋ ಸೊಸಿ,
ಕೆಳಗ ಬ್ಯಾರೆ ಬಕೀಟು,
ಒಣಗಿದ್ದು.