ತೊಂಬತ್ತೊಂದನೆಯ ಮನೆ

ಎಸ್ಪೂ ಊರು. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ತಿಂಗಳು.
ರೈಮೊ ಕೆಟ್ಟುಲ ನೂರು ಮನೆಯ ಪಟ ಹೂಡಿದ,
ಚೌಕಾಬಾರದ ಹಾಗೆ; ಕವಡೆಯಿಲ್ಲ, ಕಾಯಿಯಿಲ್ಲ.
ಮನೆಮನೆಗೂ ಕೈಗೆ ಸಿಕ್ಕ ಅಂಕಿ ಎರಚಿ
ಸುಮ್ಮನೆ ಕೂತ.

ಆಮೇಲೆ ಸ್ವರಗಳನ್ನು ಒಳಗೆ ಬಿಟ್ಟ:
ಕ್ಯಾಂಟೀನಿನ ಅಡುಗೆಯವನ ದಪ್ಪ ‘ಆ’,
ಕಾವಲುಗಾರನ ನೆಗಡಿ ಹಿಡಿದ ‘ಈ’,
ಮತ್ತೆ, ‘ಈ’ ಎನ್ನುತ್ತಲೇ ‘ಊ’ಗೆ ತುಟಿ ದುಂಡಗಾದರೆ ಬರುತ್ತದಲ್ಲ,
ಗುಡಿಸು ಕೊಡಲೋ ಕೊಂಬು ಕೊಡಲೋ ಎಂದು
ನಮ್ಮ ಕಾಗುಣಿತ ತಡವರಿಸುವ
ಅವರ ಆ ಸ್ವರ.

ಪ್ರತಿ ದನಿಗೂ ನೂರು ಮನೆ ‘ನಂದು, ನಂದು’.
ಹತ್ತಿರವಿದ್ದದ್ದು ಗೆದ್ದಿತು.
ಬಹುಮಾನ?
ಆ ದನಿಯ ಕಡೆಗೆ ಕೂದಲೆಳೆಯಷ್ಟು ಬಾಗುವುದು.
ಅದೂ ಒಬ್ಬೊಬ್ಬರೇ ಬಾಗುವಂತಿಲ್ಲ,
ಅಕ್ಕಪಕ್ಕದವರ ತೋಳು ಹಿಡಿದು ಎಳಕೊಂಡೇ.

ಮೇಷ್ಟರಿಲ್ಲ. ಬೆತ್ತವಿಲ್ಲ. ಸರಿ ತಪ್ಪು ಅನ್ನುವವರಿಲ್ಲ.
ಎರಡು ರಾತ್ರಿ ಕಳೆದು ನೋಡಿದರೆ
‘ಆ’ಗಳದೊಂದು ಕೇರಿ, ‘ಈ’ಗಳದೊಂದು ಕೇರಿ,
ನಡುವೆ ಎರಡೂ ಕಡೆ ಬಾಗಿಲಿದ್ದ ಕೆಲವರು.

ಮೂಲೆಯ ತೊಂಬತ್ತೊಂದು ಮಾತ್ರ
ಒಮ್ಮೆಯೂ ಗೆದ್ದಿರಲಿಲ್ಲ.
ತೊಂಬತ್ತೆರಡು ಎಳೆದರೆ ಅತ್ತ, ಎಂಬತ್ತೊಂದು ಎಳೆದರೆ ಇತ್ತ,
ಜರುಗಿ ಜರುಗಿ
ಯಾರೂ ಆಡದ ಸ್ವರವೊಂದರ ಮೇಲೆ ಕೂತಿತ್ತು.
ರೈಮೊ ಅದರೆದುರು ಸೊನ್ನೆ ಬರೆದು ಅಡಿಗೆರೆ ಎಳೆದ.

ರಾತ್ರಿ ನೆಲ ಒರೆಸಲು ಬರುವವಳು ಪಲಾಗಾ ವಾಸ್ಕೆಲ.
ಕರೇಲಿಯದ ಗಡಿ ಸರಿದಾಗ ಅವಳಿಗೆ ಏಳು;
ಹಸುವಿನ ಹಿಂದೆ ನಡೆದು ಬಂದವಳು.
‘ಒಂದು ಮಾತು ಆಡು’ ಅಂದ ರೈಮೊ.
ಬಕೆಟ್ಟು ಕೆಳಗಿಡದೆಯೇ ಮೈಕಿಗೆ ಬಗ್ಗಿ
‘ರಾತ್ರಿ’ ಅಂದಳು, ಬಿಟ್ಟುಬಂದ ಹಳ್ಳಿಯ ಬಾಯಲ್ಲಿ.
ಆ ಮಾತಿನ ಸ್ವರಕ್ಕೇ
ಹೊಸ ಊರಿನ ಶಾಲೆಯಲ್ಲಿ ಅವಳ ಕಿವಿ ಹಿಂಡಿದ್ದರು.
ನಲವತ್ತು ವರ್ಷ ಅದು ಹಲ್ಲಿನ ಹಿಂದೆಯೇ ಇತ್ತು.

ನೂರು ಮನೆಯೂ ಅಳೆದು ನೋಡಿದವು.
ಮೂಲೆಯಲ್ಲಿ ದೀಪ ಹತ್ತಿತು.

ರೈಮೊ ತಂತಿ ಅಲುಗಿಸಿದ. ಚಹಾ ಲೋಟ ಆಚೆ ಸರಿಸಿದ.
‘ಇನ್ನೊಮ್ಮೆ ಅನ್ನು.’
ಅಂದಳು. ಅದೇ ಮೂಲೆ, ಅದೇ ದೀಪ.
ಇಷ್ಟು ದಿನ ಎಳೆದ ತೊಂಬತ್ತೆರಡೂ ಎಂಬತ್ತೊಂದೂ
ಈಗ ಕೂದಲೆಳೆಯಷ್ಟು
ಅದರ ಕಡೆಗೆ ವಾಲಿದವು.

ಅವನು ಎದ್ದು ಅವಳತ್ತ ಹೆಜ್ಜೆ ಹಾಕಿದ.
‘ಅಲ್ಲೇ ಇರು’ ಅಂದಳು ಪಲಾಗಾ,
‘ನೆಲ ಇನ್ನೂ ಒದ್ದೆ.’