ಸೀಮೆಸುಣ್ಣ

ನನ್ನ ಕೆಲಸ ಒಳಗೆ ಕೂರುವುದು.
ಬಾಗಿಲು ಜಡಿದ ಕತ್ತಲಲ್ಲಿ
ಒಂದು ಕೈಲಿ ಟಾರ್ಚು, ಒಂದು ಕೈಲಿ ಸೀಮೆಸುಣ್ಣ.
ಹೊರಗೆ ದಾದಾಪೀರ್ ಮೇಸ್ತ್ರಿ ಪೈಪು ಹಿಡಿದು
ಮಳೆಯಾಗುತ್ತಾರೆ:
ಮೊದಲು ಸೋನೆ, ಆಮೇಲೆ ಜಡಿ, ಆಮೇಲೆ
ಪೈಪಿನ ಬಾಯಿಗೆ ಹೆಬ್ಬೆರಳೊತ್ತಿ
ಅಡ್ಡಮಳೆ, ಕೆಳಗಿಂದ ಮೇಲಕ್ಕೆ
ಲಾರಿ ಗಾಲಿ ಎರಚುವ ಹೆದ್ದಾರಿ ಮಳೆ.
"ಬಂತೇನೇ ಪಾಲಮ್ಮ?"
"ಇಲ್ಲ."
"ಈಗ?"
"ಕಿಟಕಿ ಮೂಲೆ. ಒಂದು ಹನಿ."
ಹನಿಗೊಂದು ಬೆಳ್ಳನೆ ಸುತ್ತು ಹಾಕುತ್ತೇನೆ.

ಚಿತ್ರದುರ್ಗದ ಮಳೆ
ಕರೆದರೆ ಬಾರದು, ಕರೆಯದಿದ್ದರೂ ಬಾರದು;
ಬಂದರೆ ಮೂರು ತಿಂಗಳ ಮಾತು
ಒಂದೇ ರಾತ್ರಿ ಆಡಿ ಹೋಗುತ್ತದೆ.
ಇಂಥ ಊರಲ್ಲಿ, ಮೆದೇಹಳ್ಳಿ ರಸ್ತೆಯ ತಗಡಿನ ಶೆಡ್ಡಲ್ಲಿ
ನೀರು ಒಳಬರದ ಗಾಡಿಮನೆ ಕಟ್ಟುತ್ತೇವೆಂದರೆ
ಟೀ ಅಂಗಡಿ ಓಬಯ್ಯನಿಗೆ ನಗು:
"ಬರೋ ನೀರನ್ನೂ ಬ್ಯಾಡ ಅಂತೀರಲ್ಲವ್ವ!"

ಮೊದಲು ಲಾರಿಗೆ ಬಾಡಿ ಕಟ್ಟುತ್ತಿದ್ದರು ಮೇಸ್ತ್ರಿ.
ಲಾರಿ ಸೋರಿದರೆ ತಾಡಪಾಲು ಉಂಟು.
ಎರಡು ಗಾಲಿಯ ಮೇಲೆ ಮಲಗುವವರಿಗೆ?
ಗುಡ್ಡದ ಗಾಳಿಫ್ಯಾನು ರಿಪೇರಿಯ ಸೂರಲಿಂಗಪ್ಪ,
ಅವನ ಮೂವರು ಹುಡುಗರು
ಕಟ್ಟಿಸಿಕೊಂಡ ಮೊದಲ ಗಾಡಿ
ಒಂದೇ ಮಳೆಗಾಲಕ್ಕೆ ವಾಪಸು ಬಂತು.
ಹೊರಗೆ ತಗಡು ಮದುಮಗನ ಹಾಗೆ;
ಸುಲಿದರೆ ಪ್ಲೈವುಡ್ಡು ನೆನೆದ ಮಂಡಕ್ಕಿ,
ಹಿಂಡಿದರೆ ಬೆರಳ ಸಂದಿಗೆ ಬರುತ್ತಿತ್ತು.
ಒಂದೊಂದು ಸ್ಕ್ರೂವಿನ ಕೆಳಗೂ
ಎಲೆಅಡಿಕೆ ಉಗಿದಂಥ ಕಲೆ.
ಮೇಸ್ತ್ರಿ ಕೂತು ಸ್ಕ್ರೂ ಎಣಿಸಿದರು.
ಇನ್ನೂರ ಹದಿನಾಲ್ಕು.
"ಇನ್ನೂರ ಹದಿನಾಲ್ಕು ಬಾಗ್ಲು ನಾವೇ ಕೊರೆದೀವಿ ಕಣೇ,
ನೀರಿಗೆ ಬಾ ಅಂತ."

ಎರಡನೆಯದಕ್ಕೆ ಮರ ಮುಟ್ಟಲಿಲ್ಲ.
ಅಲ್ಯೂಮಿನಿಯಂ ಚೌಕ ಪೈಪು, ಸಂದಿಗೆಲ್ಲ ಬೆಸುಗೆ,
ಸೂರಿಗೆ ಒಂದೇ ಹಾಸಿನ ಫೈಬರ್,
ಬೋರಲು ಮಲಗಿದ ಮಗುವಿನ ಬೆನ್ನಿನಷ್ಟು ಉಬ್ಬು.
ಸ್ಕ್ರೂ ಇಪ್ಪತ್ತಾರೇ; ಅವೂ ಪಕ್ಕೆಗೆ, ನೆತ್ತಿಗಲ್ಲ.
ಕಿಟಕಿ ಚೌಕಟ್ಟಿನಡಿ ಕಪ್ಪು ಅಂಟುಪಟ್ಟಿ
ಹಪ್ಪಳದ ಹಿಟ್ಟಿನ ಹಾಗೆ ಒತ್ತಿ, ಒತ್ತಿ,
ಅಂಚಿಗೆ ಉಬ್ಬಿ ಬರುವ ತನಕ.
ಒಂದು ಗಂಟೆ ಪೈಪು ಹಿಡಿದರು.
ಸೀಮೆಸುಣ್ಣ ಸವೆಯಲಿಲ್ಲ.
ಅವತ್ತು ಎಲ್ಲರ ಟೀಯೂ ಮೇಸ್ತ್ರಿ ಲೆಕ್ಕ.

ಮಾರ್ಗಶಿರದ ಚಳಿಯಲ್ಲಿ ಫೋನು.
"ಒಳಗೆ ಸೋರ್ತೈತೆ."
"ಮಳೆನೇ ಇಲ್ವಲ್ಲೋ!"
"ಅದಕ್ಕೇ ಫೋನ್ ಮಾಡಿದ್ದು."

ಇನ್ನೂ ಕತ್ತಲಿರುವಾಗಲೇ ಗುಡ್ಡ ಹತ್ತಿದೆವು.
ಫ್ಯಾನುಗಳು ಮೇಲೆ ಹೂಂ, ಹೂಂ ಎನ್ನುತ್ತಿದ್ದವು,
ಯಾರದೋ ಕತೆ ಕೇಳುವವರಂತೆ.
ಬಾಗಿಲು ತೆರೆದರೆ ನಾಲ್ಕು ಗೊರಕೆ,
ಸ್ಟೋವಿನ ಮೇಲೆ ರಾತ್ರಿಯ ಪಾತ್ರೆ, ಹಗ್ಗಕ್ಕೆ ಸಾಕ್ಸು,
ಸೂರಿನ ತುಂಬ ಹನಿ.
ಮೂಲೆಯಲ್ಲಲ್ಲ, ಅಂಚಿನಲ್ಲಲ್ಲ,
ಎಲ್ಲ ಕಡೆ.
ಸೀಮೆಸುಣ್ಣ ಎತ್ತಿದೆ. ಎಲ್ಲಿಗೆಂದು ಸುತ್ತು ಹಾಕಲಿ?
ಒದ್ದೆ ಫೈಬರಿನ ಮೇಲೆ ಗೀರೂ ಮೂಡಲಿಲ್ಲ.
ಮೇಸ್ತ್ರಿ ಒಂದು ಹನಿಯನ್ನು ಬೆರಳಿಗೆ ತೆಗೆದು
ಬಹಳ ಹೊತ್ತು ನೋಡಿದರು.
"ಇದು ಮಳೆ ಅಲ್ಲ. ಇವ್ರೇ."

ನಾಲ್ಕು ಎದೆಗಳ ಇರುಳಿಡೀ ಉಸಿರು
ಹೋಗಲು ದಾರಿ ಕಾಣದೆ
ತಣ್ಣನೆ ಸೂರಿಗೆ ಅಂಟಿ
ಅವರವರ ಮುಖಕ್ಕೇ ಬೀಳುತ್ತಿತ್ತು.

ಇಳಿಯುವಾಗ ಗಾಡಿ ಕೋಟೆ ಕಡೆ ತಿರುಗಿತು.
ಅಕ್ಕತಂಗಿ ಹೊಂಡದ ಹತ್ತಿರ ಕೂತು
ಬೀಡಿ ಹಚ್ಚದೆ ಬರೀ ಕಚ್ಚಿಕೊಂಡರು.
"ಇಲ್ಲಿ ಯಾರಾದ್ರೂ ನೀರಿಗೆ ಅಡ್ಡ ನಿಂತವ್ರಾ ನೋಡು.
ಮೇಲಿನ ಹೊಂಡ ತುಂಬಿದ್ರೆ ಕೆಳಗಿನದಕ್ಕೆ,
ಅದೂ ತುಂಬಿದ್ರೆ ಊರೊಳಗಿನ ಸಂತೆಹೊಂಡಕ್ಕೆ.
ಬಂದೋನಿಗೆ ಹೋಗೋ ದಾರಿ ಮೊದ್ಲೇ ಮಾಡವ್ರೆ.
ನಾನು ನಲವತ್ತು ವರ್ಷ
ಮುಚ್ಚೋದೊಂದೇ ಕಲ್ತೆ."

ಮೂರನೆಯದು ಈಗ ಶೆಡ್ಡಿನಲ್ಲಿದೆ.
ನೆತ್ತಿಯ ಹತ್ತಿರ ಟೊಪ್ಪಿ ತೊಟ್ಟ ಜಾಲರಿ,
ಎದುರು ಗೋಡೆಯ ಬುಡಕ್ಕೆ ಇನ್ನೊಂದು,
ನೆಲದ ತಗ್ಗು ಮೂಲೆಯಲ್ಲಿ ಬಟಾಣಿ ಗಾತ್ರದ ತೂತು.
ಅದನ್ನು ಕೊರೆವಾಗ ಮೇಸ್ತ್ರಿಯ ಕೈ ನಡುಗಿತು;
ಸುಳ್ಳಲ್ಲ, ಟಾರ್ಚು ಹಿಡಿದವಳು ನಾನೇ.

ನಾಳೆ ಮತ್ತೆ ಪೈಪು, ಮತ್ತೆ ಕತ್ತಲು.
ಇವತ್ತೇ ಆ ತೂತಿನ ಸುತ್ತ
ಗುರುತಿಗಿರಲಿ ಎಂದು ಒಂದು ಸುತ್ತು ಹಾಕಿಟ್ಟೆ.
ಹೊಸದಾಗಿ ಸೇರಿದ ಹುಡುಗ
ಸೋರುವ ಜಾಗವೆಂದು ತಿಳಿದು
ಸಿಲಿಕಾನ್ ಗನ್ನು ಹಿಡಿದು
ಎರಡು ಸಲ ಮುಚ್ಚಲು ಬಂದ.