ಹೊಸ ಚೀಟಿ

ಬೀರು ತೆರೆದರೆ ಮೊದಲು ನುಸಿಗುಳಿಗೆಯ ಘಾಟು,
ಆಮೇಲೆ ಜರೀಗಿಡ.
ಕಿಟಕಿಯಾಚೆ ಚಾಮುಂಡಿಬೆಟ್ಟ, ಮಾರ್ಚಿಯ ಬಿಸಿಲು.
ಇನ್ನೂರ ಹದಿನಾರು ಹಾಳೆಗೆ ಇವತ್ತು
ನಾನು ಹೊಸ ಮನೆತನ ಅಂಟಿಸಬೇಕು.

ಸರ್ವಮಂಗಳ ಮೇಡಂ ಅನ್ನುತ್ತಾರೆ:
ಬೇರೆ ಬೇರೆ ಒಲೆ ಹೂಡಿದ್ದವು ಇವೆಲ್ಲ,
ಈಗ ಒಂದೇ ರೇಷನ್ ಕಾರ್ಡು.
ಅಡಿಯಾಂಟೇಸಿ ಹೋಯಿತು, ವಿಟ್ಟಾರಿಯೇಸಿ ಹೋಯಿತು,
ಕೆರೆಯೊಳಗಿದ್ದ ಪಾರ್ಕೇರಿಯೇಸಿಯೂ ಹೋಯಿತು.
ಎಲ್ಲಾ ಟೆರಿಡೇಸಿ.
ಡಿಎನ್‌ಎ ನೋಡಿದರಂತೆ.
ಮುಖ ನೋಡಿದರೆ ಎಲ್ಲಿಯ ಹೋಲಿಕೆ?

ಒಂದು, ಬಾವಿಯ ತೇವಕ್ಕೆ ಜೋತ ಹಂಸಪಾದಿ,
ಕಡ್ಡಿ ಕಪ್ಪು, ಎಣ್ಣೆ ಹಚ್ಚಿದ ಜಡೆಯ ಹೊಳಪು;
ನೀರೆರೆದರೂ ಎಲೆ ನೆನೆಯುವುದಿಲ್ಲ.
ಒಂದು, ಬೆಟ್ಟದ ಬಂಡೆಬಿರುಕಿನದು,
ಬೇಸಿಗೆಯೆಲ್ಲ ಮುದುಡಿ ಸತ್ತಂತೆ ಬಿದ್ದಿದ್ದು
ಒಂದು ಮಳೆಗೆ ಬೆರಳು ಬಿಚ್ಚುತ್ತದೆ.
ಒಂದಕ್ಕೆ ಹಳೇ ಗೋಡೆಯ ಗಾರೆಸುಣ್ಣವೇ ಊಟ,
ಮಣ್ಣಿನ ಪಾಷಾಣವನ್ನೂ ಹೀರಿ ಹಸಿರಾಗೇ ಇರುತ್ತದೆ.
ಮರಕ್ಕೆ ನೇತಾಡುವ ಒಂದಕ್ಕೆ
ಎಲೆಯೆಂದರೆ ಬರೀ ದಾರ.
ಮತ್ತೊಂದರ ಬೆನ್ನ ತುಂಬ ಬಿಳಿ ಹಿಟ್ಟು,
ಅಂಗೈಗೆ ಒತ್ತಿ ತೆಗೆದರೆ
ಅರೆಯದೆ ಹಚ್ಚದೆ ಮದರಂಗಿ.

ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ.
ಇವುಗಳ ಸಂಗತಿಯೆಲ್ಲ ಬೆನ್ನಲ್ಲಿ,
ಎಲೆ ಮಗುಚಿ ನೋಡು ಅನ್ನುತ್ತಿದ್ದ ನಮ್ಮಪ್ಪ.
ಅಂಚಿನುದ್ದಕ್ಕೂ ಕಂದು ಸಾಲು,
ಧೂಳಿಗಿಂತ ನುಣ್ಣಗಿನ ಬೀಜಾಣು.
ಅದನ್ನು ಮುಚ್ಚಲು ಬೇರೆ ಎಷ್ಟೋ ಜರಿಗಳಿಗೆ
ತೆಳ್ಳನೆಯ ಪೊರೆಯೊಂದು ಉಂಟು.
ಈ ಮನೆಯವಕ್ಕೆ ಇಲ್ಲ.
ಎಲೆಯೇ ತನ್ನಂಚು ಮಡಿಸಿ ಮುಚ್ಚಿಕೊಳ್ಳುತ್ತದೆ,
ಮಡಿಲಕ್ಕಿ ಹಿಡಿದ ಸೆರಗಿನ ಹಾಗೆ.
(ಹಿಟ್ಟಿನ ಬೆನ್ನಿನದಕ್ಕೆ ಅದೂ ಇಲ್ಲ. ಇರಲಿ.)

ಹಾಳೆ ನೂರ ಮೂರು. ಹಂಸಪಾದಿ.
ಮಸಿ ಮಾಸಿದ ಇಂಗ್ಲಿಷಿನಲ್ಲಿ
ಶ್ರೀರಂಗಪಟ್ಟಣ, ಹಾಳುಬಾವಿ, ಒಳಗೋಡೆ,
ನೀರಿನಿಂದ ನಾಲ್ಕಡಿ ಮೇಲೆ, ಆಗಸ್ಟ್ ೧೯೮೯.
ಸಂಗ್ರಹಿಸಿದವರು: ಪ್ರೊಫೆಸರರ ಹೆಸರು.

ಪ್ರೊಫೆಸರರಿಗೆ ಬಾವಿಯೆಂದರೆ ತಲೆಸುತ್ತು.
ಸೊಂಟಕ್ಕೆ ಹಗ್ಗ ಬಿಗಿದು ಇಳಿದದ್ದು
ಅಟೆಂಡರ್ ಮಾದಶೆಟ್ಟಿ, ನಮ್ಮಪ್ಪ,
ಹಲ್ಲಲ್ಲಿ ಚಾಕು ಕಚ್ಚಿಕೊಂಡು.
ಬೇರು ಸಮೇತ ಬಿಡಿಸಿ, ಟವೆಲಿನಲ್ಲಿ ಸುತ್ತಿ
ಮೇಲೆ ಬಂದಾಗ ಮೊಣಕಾಲೆಲ್ಲ ರಕ್ತ,
ಎಲೆ ಒಂದೂ ಮುರಿದಿರಲಿಲ್ಲವಂತೆ.
ರಾತ್ರಿ ಮುದ್ದೆಯ ಮುಂದೆ ಕೂತು
ನನಗೆ ಹೇಳಿದ್ದು ಇಷ್ಟು:
ಒಳಗೆ ತಣ್ಣಗಿತ್ತು ಕಣವ್ವ.

ಹಳೇ ಚೀಟಿ ಕೀಳುವಂತಿಲ್ಲ, ಇಲ್ಲಿಯ ನೇಮ ಅದು.
ತಪ್ಪಿದ್ದರೂ ಇರಲಿ, ಪಕ್ಕಕ್ಕೆ ಹೊಸದು.
ಅಂಟು ಸವರಿ ಒತ್ತಿದೆ, ಟೆರಿಡೇಸಿ.
ಇನ್ನೊಂದು ಚೀಟಿಗೆ ಜಾಗ ಇತ್ತು.
ಅಂಟಿಸಲು ನಾನು ಯಾರು?
ಹಾಳೆ ಮಗುಚಿದೆ.
ಪೆನ್ಸಿಲಿನಲ್ಲಿ, ಸಣ್ಣಕ್ಕೆ, ಅಂಚಿಗೆ ಹೊಂದಿಸಿ
ಬರೆದೆ.

ಊಟದ ಬೆಲ್ಲು ಹೊಡೆದಾಗ
ಇನ್ನೂ ನೂರ ಹದಿಮೂರು ಬಾಕಿ.